ಹಾಲು ಹಾಲು ಅಂತೀರಲ್ಲ, ಹಸುವಿನ ಕತೆ ಏನು?

ಫ್ಯಾಮಿಲಿ ಗ್ರೂಪಿಗೆ ಇವತ್ತು ಮತ್ತೆ ಅದೇ ವಿಡಿಯೊ ಬಂದಿದೆ. ಇಂಗ್ಲೆಂಡಿನಲ್ಲಿ ಯಾರೋ ಹಾಲನ್ನು ಸಿಂಕಿಗೆ ಸುರಿಯುತ್ತಿದ್ದಾರೆ. 2024ರ ಕೊನೆಯಲ್ಲಿ ಎದ್ದ ಗಲಾಟೆ ಅದು. ಹಸು ತೇಗಿದಾಗ ಬರುವ, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಕಡಿಮೆ ಮಾಡಲು ಬೋವೇರ್ ಅನ್ನುವ ಪುಡಿಯನ್ನು ಮೇವಿಗೆ ಬೆರೆಸಿ 30 ಫಾರ್ಮುಗಳಲ್ಲಿ ನೋಡ್ತೀವಿ ಅಂತ ಆರ್ಲಾ ಡೇರಿ ಹೇಳಿದ್ದೇ ತಡ, ಹಾಲೇ ವಿಷ ಅಂತ ಸುದ್ದಿ ಹಬ್ಬಿತು.

ನಂಗೆ ಸಿಟ್ಟು ಬರೋದು ಇಲ್ಲೇ. ಆ ಪುಡಿ ಹಸುವಿನ ಹೊಟ್ಟೆಯಲ್ಲೇ ಒಡೆದುಹೋಗುತ್ತದೆ, ಹೇಳಿದ ಅಳತೆಯಲ್ಲಿ ಕೊಟ್ಟರೆ ಹಾಲು ಕುಡಿಯುವವರಿಗೆ ತೊಂದರೆ ಇಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2021ರಲ್ಲೇ ಹೇಳಿದೆ. ಪುಡಿ ಮುಟ್ಟುವವರ ಚರ್ಮ, ಕಣ್ಣು ಉರಿಯಬಹುದು ಅಂತಲೂ ಅದೇ ವರದಿಯಲ್ಲಿದೆ. ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ. ನಮ್ಮಮ್ಮ ಇವತ್ತಿಗೂ ಹಿಂಡಿ ಬೂಸಾ ಕಲಸೋದು ಬರಿಗೈಯಲ್ಲೇ, ಮೊಣಕೈವರೆಗೂ ಕಲಗಚ್ಚಿಗೆ ಅದ್ದಿ.

ಮತ್ತೆ ಹಸು? ಡೆನ್ಮಾರ್ಕಿನಲ್ಲಿ 50ಕ್ಕಿಂತ ಜಾಸ್ತಿ ಹಸು ಇರುವವರು ಒಂದೋ ಮೇವಿನಲ್ಲಿ ಕೊಬ್ಬಿನಂಶ ಹೆಚ್ಚಿಸಬೇಕು, ಇಲ್ಲ 80 ದಿನ ಬೋವೇರ್ ಕೊಡಬೇಕು ಅಂತ 2025ರಲ್ಲಿ ಕಾನೂನೇ ಬಂತು. ಅಕ್ಟೋಬರ್ ಹೊತ್ತಿಗೆ ತುಂಬಾ ರೈತರು ಕೊಡೋಕೆ ಶುರು ಮಾಡಿದರು. ಆಮೇಲೆ ಒಬ್ಬೊಬ್ಬರೇ ಹೇಳತೊಡಗಿದರು: ಹಸು ಮೇವು ಬಿಟ್ಟಿದೆ, ಭೇದಿ, ಜ್ವರ, ಹಾಲು ಇಳಿದಿದೆ. ಪಕ್ಕದ ನಾರ್ವೆಯಲ್ಲೂ ಡೇರಿ ಕಂಪನಿಯವರು ಬಳಕೆ ನಿಲ್ಲಿಸಿದರು.

ಪ್ರಯೋಗಗಳಲ್ಲಿ ಹೀಗಾಗಿರಲಿಲ್ಲ, ಬೇರೆ ಕಾರಣ ಇರಬಹುದು ಅಂತ ಪುಡಿ ತಯಾರಿಸುವ ಕಂಪನಿಯವರು ಅಂತಾರೆ. ಇರಲಿ, ಹುಡುಕಲಿ. ಆದರೆ ಹಸು ಮೇವು ಬಿಟ್ಟಿದೆ ಅನ್ನೋದನ್ನು ಕಂಡುಹಿಡಿಯೋಕೆ ರೈತನಿಗೆ ಲ್ಯಾಬ್ ಬೇಕಾಗಿಲ್ಲ. ಬೆಳಗ್ಗೆ ಕಲಗಚ್ಚಿಗೆ ಬಾಯಿ ಹಾಕದೆ ಕಿವಿ ಜೋಲು ಬಿಟ್ಟು ನಿಂತರೆ ಅಮ್ಮ ಮೂಗು ಮುಟ್ಟಿ ನೋಡ್ತಾರೆ. ಒಣಗಿದ್ದರೆ ಡಾಕ್ಟರಿಗೆ ಫೋನ್. ಆ ಕಣ್ಣಿಗೆ ಬೆಲೆ ಇಲ್ಲ ಅಂದ್ರೆ ಹೇಗೆ? ಹಸುವಿಗೆ ಹುಷಾರಿಲ್ಲ ಅಂತ ರೈತ ಅಂದ ದಿನವೇ ನಿಲ್ಲಿಸೋಕೆ ಬಿಡಬೇಕಿತ್ತು.

ಮೀಥೇನ್ ಕಡಿಮೆ ಆಗಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ನಮ್ಮ ಬೆಂಗಳೂರಿನ ಆಡುಗೋಡಿಯ ಪಶು ಪೋಷಣಾ ಸಂಸ್ಥೆಯವರೂ ಗಿಡಗಳಲ್ಲಿರುವ ಒಗರಿನ ಅಂಶ ಟ್ಯಾನಿನ್‌ನಿಂದ ಹರಿತ್ ಧಾರಾ ಅನ್ನುವ, ಮೇವಿಗೆ ಬೆರೆಸುವ ಪೂರಕ ಮಾಡಿದ್ದಾರೆ, 17ರಿಂದ 20 ಪರ್ಸೆಂಟ್ ಮೀಥೇನ್ ಇಳಿಯುತ್ತೆ ಅಂತಾರೆ. ಖುಷಿಯ ವಿಷಯ. ಅದು ನಮ್ಮ ಕೊಟ್ಟಿಗೆಗೆ ಬಂದರೂ ಇದನ್ನೇ ಕೇಳ್ತೀನಿ: ಒಂದು ಸೂಲು ಪೂರ್ತಿ ಕೊಟ್ಟು ನೋಡಿದ್ದೀರಾ? ಗಬ್ಬದ ಹಸುವಿಗೆ ಕೊಡಬಹುದಾ? ಹಾಲು ಇಳಿದರೆ ಆ ದುಡ್ಡು ಯಾರು ಕೊಡ್ತಾರೆ?