ಸ್ವೆತ್ಲಾನಾ, ಸ್ತಾನಾ, ಸಾಕಮ್ಮ

ಮಗಳಿಗೊಂದು ಸ್ಲಾವ್ ಹೆಸರು, ಅಂದರೆ ರಷ್ಯನ್, ಪೋಲಿಷ್, ಸರ್ಬಿಯನ್ ಮೊದಲಾದ ನುಡಿಬಳಗದ ಹೆಸರಿಡೋಣ ಎಂದು ಹೊರಟವರ ಪಟ್ಟಿಯಲ್ಲಿ ತಾನ್ಯಾ, ನತಾಶಾ, ಸೋನಿಯಾ, ಆನ್ಯಾ ಇದ್ದೇ ಇರುತ್ತವೆ. ಕೇಳಿದರೆ ಸಾಕು, ರಷ್ಯಾದ ಹಿಮ ಕಣ್ಣಿಗೆ ಕಟ್ಟುತ್ತದೆ. ಆದರೆ ಈ ನಾಲ್ಕರಲ್ಲಿ ಒಂದರ ಬೇರೂ ಸ್ಲಾವ್ ನೆಲದ್ದಲ್ಲ. ತಾನ್ಯಾ ಎಂದರೆ ತತ್ಯಾನಾ, ರೋಮನ್ನರ ಮನೆತನದ ಹೆಸರಿನಿಂದ ಬಂದದ್ದು. ನತಾಶಾ ಎಂದರೆ ನತಾಲ್ಯಾ, ಲ್ಯಾಟಿನ್ನಿನಲ್ಲಿ ಕ್ರಿಸ್ತನ ಜನ್ಮದಿನಕ್ಕೆ ಸೇರಿದ ಪದ. ಸೋನಿಯಾ ಗ್ರೀಕರ ಸೋಫಿಯಾ, ಆನ್ಯಾ ಹೀಬ್ರೂ ಮೂಲದ ಆನ್ನಾ. 988ರಲ್ಲಿ ಕೀವ್‌ನ ದೊರೆ ವ್ಲಾದಿಮಿರ್ ಕ್ರೈಸ್ತ ಮತ ಹಿಡಿದ ಮೇಲೆ ಸಂತರ ಪಂಚಾಂಗ ಬಂತು. ಅದರಲ್ಲಿಲ್ಲದ ಹೆಸರಿಗೆ ಚರ್ಚಿನಲ್ಲಿ ಜಾಗವಿಲ್ಲ ಎಂದಾದಾಗ ಊರ ಹೆಸರುಗಳು ಒಂದೊಂದಾಗಿ ಮೂಲೆ ಸೇರಿದವು.

ಅಪ್ಪಟ ಸ್ಲಾವ್ ಹೆಸರನ್ನು ಪತ್ತೆಹಚ್ಚಲು ಅದನ್ನು ನಡುವೆ ಮುರಿದು ನೋಡಬೇಕು. ಎರಡು ಪದ ಸಿಕ್ಕರೆ ಹಳೆಯ ಸರಕು. ಲ್ಯುದ್ ಎಂದರೆ ಜನ, ಮಿಲ್ ಎಂದರೆ ಪ್ರಿಯ. ಲ್ಯುದ್‌ಮಿಲಾ ಜನರಿಗೆ ಬೇಕಾದವಳು. ವ್ಲಾದ್ ಎಂದರೆ ಆಳ್ವಿಕೆ, ಬೊಗ್ ಎಂದರೆ ದೇವರು. ಬೊಗ್ದಾನಾ ದೇವರು ಕೊಟ್ಟವಳು. ಕೊನೆಯಲ್ಲಿ ಬರುವ ಸ್ಲಾವಾ ಎಂದರೆ ಕೀರ್ತಿ. ಸಂಸ್ಕೃತದ ಶ್ರವಸ್‌ಗೂ ಇದಕ್ಕೂ ಬೇರು ಒಂದೇ, ಹಾಗಾಗಿ ಮಹಾಭಾರತದ ಭೂರಿಶ್ರವ ಈ ಸ್ಲಾವಾಗಳಿಗೆಲ್ಲ ದೂರದ ದಾಯಾದಿ. ಮಿರ್‌ಗೆ ಶಾಂತಿ, ಜಗತ್ತು ಎಂದು ಎರಡರ್ಥ. ಆದ್ದರಿಂದ ಮಿರೊಸ್ಲಾವಾ ಎಂದರೆ 'ಶಾಂತಿಯ ಕೀರ್ತಿ' ಎಂದು ಒಂದೇ ಗೆರೆಯಲ್ಲಿ ಮುಗಿಸುವ ಪಟ್ಟಿಗಳನ್ನು ಪೂರ್ತಿ ನಂಬಬೇಡಿ. ಅಲ್ಲಿರುವುದು ಒಟ್ಟಿಗೆ ಕೂರಿಸಿದ ಎರಡು ಶುಭ ಪದ. ವಿಗ್ರಹವಾಕ್ಯ ಮಾಡಹೊರಟರೆ ಸಮಾಸ ಕೈ ಕೊಡುತ್ತದೆ.

ಒಂದಕ್ಷರ ಹೆಚ್ಚುಕಡಿಮೆಯಾದರೂ ಅರ್ಥ ಬೇರೆಯಾಗುತ್ತದೆ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದೇವಿಕಾ ರಾಣಿಯವರೊಂದಿಗೆ ಬಾಳಿದ ಕಲಾವಿದ ರೋರಿಕ್ ನಮಗೆ ಸ್ವೆತೊಸ್ಲಾವ್. ರಷ್ಯನ್ನಿನಲ್ಲಿ ಅವರು ಸ್ವ್ಯಾತೊಸ್ಲಾವ್. ಸ್ವೆತ್ ಬೆಳಕು, ಸ್ವ್ಯಾತ್ ಪವಿತ್ರ.

ಸಂಸ್ಕೃತದ ನಂಟು ಸಿಕ್ಕಿತೆಂದು ಮೈಮರೆಯುವಂತಿಲ್ಲ. ವೆಸ್ನಾಗೂ ವಸಂತಕ್ಕೂ, ಸ್ವೆತ್‌ಗೂ ಶ್ವೇತಕ್ಕೂ ನಂಟು ನಿಜ. ವೇರಾಗೂ ವೀರಕ್ಕೂ ಏನೂ ಇಲ್ಲ. ವೇರಾ ಎಂದರೆ ನಂಬಿಕೆ. ಲ್ಯುಬೊವ್ ಎಂದರೆ ಪ್ರೀತಿ, ಆದರೆ ಅದೇ ಬೇರು ಸಂಸ್ಕೃತದಲ್ಲಿ ಚಿಗುರಿ ಲೋಭವಾಯಿತು! ವೆಸ್ನಾದ ಕತೆ ಇನ್ನೂ ತಮಾಷೆ. ರಷ್ಯನ್ನಿನಲ್ಲಿ ಅದು ವಸಂತ ಋತುವಿನ ಪದ, ಹುಡುಗಿಗೆ ಯಾರೂ ಸಾಮಾನ್ಯವಾಗಿ ಇಡುವುದಿಲ್ಲ. ಸರ್ಬಿಯಾ, ಕ್ರೊಯೇಷಿಯಾಗಳಲ್ಲಿ ಅದು ಮನೆಮಾತಾದ ಹೆಸರು, ಋತುವಿಗೇ ಬೇರೆ ಪದವಿದೆ.

ಇವುಗಳಲ್ಲೆಲ್ಲ ಹೆಚ್ಚು ಪಾಡು ಪಟ್ಟದ್ದು ಸ್ವೆತ್ಲಾನಾ. ಹಳೇ ಜಾನಪದದ್ದೆಂದು ಎಲ್ಲರೂ ನಂಬಿರುವ ಈ ಹೆಸರನ್ನು ಕಟ್ಟಿದವರು ಕವಿಗಳು. 1813ರಲ್ಲಿ ಅಚ್ಚಾದ ಝುಕೋವ್‌ಸ್ಕಿಯ ಕಥನಕವನದಿಂದ ಅದು ಓದುಗರ ಬಾಯಿಗೆ ಬಿತ್ತು. ಆ ಹೆಸರಿನ ಸಂತಳಿಲ್ಲವಾದ್ದರಿಂದ ಪಾದ್ರಿಗಳು ಒಪ್ಪಲಿಲ್ಲ. ಮನೆಯಲ್ಲಿ ಸ್ವೆತ್ಲಾನಾ ಎಂದು ಕರೆದರೂ ಚರ್ಚಿನ ಪುಸ್ತಕಕ್ಕೆ ಬೆಳಕೆಂಬ ಅರ್ಥದ್ದೇ ಗ್ರೀಕ್ ಹೆಸರು ಫೊತೀನಿಯಾ ಬೇಕಾಯಿತು. 1917ರ ಕ್ರಾಂತಿಯ ನಂತರ ಹೆಸರು ಬರೆಸುವುದು ಸರ್ಕಾರಿ ಕಚೇರಿಯ ಕೆಲಸವಾಯಿತು, ಪಂಚಾಂಗದ ಹಂಗು ಹರಿಯಿತು, ಊರೂರಲ್ಲಿ ಸ್ವೆತ್ಲಾನಾಗಳು ಹುಟ್ಟಿದರು. 1926ರಲ್ಲಿ ಸ್ಟಾಲಿನ್ನನ ಮನೆಯಲ್ಲೂ ಒಬ್ಬಳು. ಮುಂದೆ ತನ್ನ ಭಾರತೀಯ ಸಂಗಾತಿ ಬ್ರಜೇಶ್ ಸಿಂಗರ ಚಿತಾಭಸ್ಮದೊಂದಿಗೆ ಭಾರತಕ್ಕೆ ಬಂದು, 1967ರ ಮಾರ್ಚಿನಲ್ಲಿ ಆಶ್ರಯ ಕೋರಿ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಯ ಮೆಟ್ಟಿಲೇರಿದವಳು ಅವಳೇ.

ಬಾಲ್ಕನ್ ನಾಡಿನವರು ಹಿತ್ತಲನ್ನೇ ಹೆಸರಾಗಿಸುತ್ತಾರೆ. ವಿಶ್ನ್ಯಾ ಹುಳಿ ಚೆರ್ರಿ, ಯಾಗೊದಾ ಸ್ಟ್ರಾಬೆರಿ, ಕಾಲಿನಾ ಕೆಂಪು ಕಾಯಿ ಬಿಡುವ ಒಂದು ಪೊದೆ. ದುನ್ಯಾ ಎಂಬುದು ಸೇಬಿನ ಬಳಗದ ಹಳದಿ ಹಣ್ಣು. ಹಸಿಯಾಗಿ ಕಚ್ಚಿದರೆ ಬಾಯೆಲ್ಲ ಒಗರು. ಸಕ್ಕರೆ ಹಾಕಿ ನಿಧಾನಕ್ಕೆ ಬೇಯಿಸಿದರೆ ಕೆಂಪಾಗುತ್ತದೆ. ಚಳಿಗಾಲದಲ್ಲಿ ಬಟ್ಟೆಯ ಕಪಾಟಿನ ಮೇಲೆ ಸಾಲಾಗಿ ಇಟ್ಟರೆ ಕೋಣೆಯೆಲ್ಲ ಘಮಘಮ. ಬಲ್ಗೇರಿಯಾದಲ್ಲಿ ಈಸ್ಟರ್‌ಗೆ ಒಂದು ವಾರ ಮುಂಚಿನ ಭಾನುವಾರ ತ್ಸ್ವೆತ್ನಿತ್ಸಾ ಹಬ್ಬ, ಹೂವು-ಗಿಡದ ಹೆಸರಿನವರಿಗೆಲ್ಲ ಅಂದೇ ನಾಮದಿನ, ಅಂದರೆ ತಮ್ಮ ಹೆಸರನ್ನು ಹಬ್ಬವಾಗಿ ಆಚರಿಸುವ ದಿನ.

ಎಲ್ಲ ಹೆಸರೂ ಹೂವಿನ ಹಾರವಲ್ಲ. ಸಾಲಾಗಿ ಹೆಣ್ಣು ಹುಟ್ಟಿದ ಸರ್ಬ್ ಮನೆಗಳಲ್ಲಿ ಸ್ತಾನಾ, ಸ್ತಾಂಕಾ ಎಂದಿಡುತ್ತಿದ್ದರು, 'ಇನ್ನು ನಿಲ್ಲಲಿ' ಎಂಬ ಅರ್ಥದಲ್ಲಿ. ನಮ್ಮ ಹಳ್ಳಿಗಳ ಸಾಕಮ್ಮನಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಕ್ಕಳು ಉಳಿಯದ ಮನೆಯಲ್ಲಿ ಗಂಡುಮಗುವಿಗೆ ತೋಳವೆಂಬ ಅರ್ಥದ ವುಕ್. ಮಾಟಗಾತಿಯರು ತೋಳಕ್ಕೆ ಹೆದರುತ್ತಾರಂತೆ. ಸರ್ಬ್ ನಿಘಂಟುಕಾರ ವುಕ್ ಕರಾಜಿಚ್‌ಗೆ ಆ ಹೆಸರು ಬಂದದ್ದು ಹಾಗೆಯೇ. ಪಟ್ಟಿಗಳು ಸ್ತಾನಾ ಹೆಸರಿಗೆ 'ಸ್ಥಿರಚಿತ್ತೆ' ಎಂದು ಬಣ್ಣ ಹಚ್ಚುವುದುಂಟು.

ಇಂಗ್ಲಿಷ್ ಕಾಗುಣಿತ ನೋಡಿ ಹೆಸರು ಆರಿಸಿದವರು ಎಡವುವುದು ಉಚ್ಚಾರದಲ್ಲಿ. ಸರ್ಬಿಯಾ, ಕ್ರೊಯೇಷಿಯಾಗಳಲ್ಲಿ ಸಿ ಅಕ್ಷರ ತ್ಸ ಆಗುತ್ತದೆ, ಜೆ ಅಕ್ಷರ ಯ ಆಗುತ್ತದೆ. ಬೆಳ್ಳಿಚುಕ್ಕಿ ಎಂಬರ್ಥದ ಹೆಸರು ದಾನಿತ್ಸಾ, ನಾವು ಓದುವ ಡ್ಯಾನಿಕಾ ಅಲ್ಲ. ಜಾಸ್ನಾ ಎಂದು ಕಾಣುವವಳು ಯಾಸ್ನಾ. ಪೋಲಿಷಿನಲ್ಲಿ ಅಡ್ಡಗೆರೆ ಎಳೆದ ಎಲ್ ಇದ್ದರೆ ಅದು ವಕಾರ, ಅಲ್ಲಿನ ಮಿರೊಸ್ಲಾವಾ ಕಿವಿಗೆ ಮಿರೊಸ್ವಾವಾ ಎಂದೇ ಬೀಳುತ್ತಾಳೆ.

ಇನ್ನು ಮುದ್ದಿನ ಹೆಸರು. ತಾನ್ಯಾ, ಆನ್ಯಾಗಳು ರಷ್ಯನ್ನರಿಗೆ ಮನೆಯೊಳಗಿನ ಕರೆ, ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಪೂರ್ಣರೂಪವೇ ಇರುತ್ತದೆ. ಸ್ವೆತ್ಲಾನಾ ಗೆಳತಿಯರಿಗೆ ಸ್ವೇತಾ, ಅಜ್ಜಿಗೆ ಸ್ವೇತೊಚ್ಕಾ. ಸ್ವೇತ್ಕಾ ಎಂದರೆ ಮಾತ್ರ ಸಲಿಗೆ ಸ್ವಲ್ಪ ಜಾಸ್ತಿಯಾಯಿತು, ಒಮ್ಮೊಮ್ಮೆ ಬೈಗುಳದ ಧಾಟಿಯೂ ಬರುತ್ತದೆ. ಅದೇ 'ಕಾ' ಪೋಲಿಷ್, ಚೆಕ್ ಬಾಯಲ್ಲಿ ಬರೀ ಮುದ್ದು.

ರಷ್ಯಾದಲ್ಲಿ ಮಗು ಹುಟ್ಟಿದರೆ ಅಪ್ಪನ ಹೆಸರೂ ನಡುವೆ ಬಂದು ಕೂರುತ್ತದೆ, ದೊಡ್ಡವಳಾದ ಮೇಲೆ ಗೌರವದಿಂದ ಕರೆಯುವುದು ಎರಡನ್ನೂ ಸೇರಿಸಿ. ಅಪ್ಪ ಮೋಹನ್ ಆದರೆ ಮಗಳು ಮೋಹನೊವ್ನಾ. ಶಕಾರದಲ್ಲಿ ಮುಗಿಯುವ ಹೆಸರಿಗೆ ಒವ್ನಾ ಬದಲು ಎವ್ನಾ, ಅಂದರೆ ರಮೇಶನ ಮಗಳು ರಮೇಶೆವ್ನಾ. ಬರೆಸುವ ಮುಂಚೆ ಅಲ್ಲಿನವರು ಜೋಡಿಯನ್ನು ಜೋರಾಗಿ ಹೇಳಿ ನೋಡುತ್ತಾರೆ. ಸ್ವೆತ್ಲಾನಾ ರಮೇಶೆವ್ನಾ ಒಂದೇ ಉಸಿರಿಗೆ ಬಂದರೆ ಸರಿ, ನಾಲಿಗೆ ತೊಡರಿದರೆ ವೇರಾ ಇದ್ದೇ ಇದ್ದಾಳೆ.