ತಿಂಗಳಿಗೆ ಎರಡು ಪುಸ್ತಕ ಓದಿದರೆ ದುಡ್ಡು ವಸೂಲಂತೆ!

ಇಂದು ಮಧ್ಯಾಹ್ನದ ಬಿಡುವಿನಲ್ಲಿ ಪಕ್ಕದ ಮೇಜಿನ ಹುಡುಗಿ ಒಂದು ಪ್ರಶ್ನೆ ಕೇಳಿದಳು. ತಿಂಗಳಿಗಿಷ್ಟೆಂದು ಹಣ ಕಟ್ಟಿ ಪಟ್ಟಿಯಲ್ಲಿರುವ ಪುಸ್ತಕಗಳನ್ನು ಓದುವ ಇ-ಪುಸ್ತಕಗಳ ಚಂದಾ ಸೇವೆಗೆ ಸೇರಲೋ ಬೇಡವೋ ಎಂದು. ಪ್ರಶ್ನೆ ಪೂರ್ತಿ ಅವಳ ಬಾಯಿಂದ ಹೊರಬೀಳುವ ಮೊದಲೇ ಸುತ್ತಲಿದ್ದವರೆಲ್ಲ ಒಂದೇ ಉತ್ತರ ಕೊಟ್ಟರು: "ತಿಂಗಳಿಗೆ ಎರಡು ಪುಸ್ತಕ ಓದಿದರೆ ದುಡ್ಡು ವಸೂಲ್." ಹಾಗೆ ಹೇಳಿದವರಲ್ಲಿ ಹೆಚ್ಚಿನವರು ಕಳೆದ ವರ್ಷವಿಡೀ ಶ್ರದ್ಧೆಯಿಂದ ಓದಿದ್ದು ಸಂಬಳದ ಚೀಟಿಯನ್ನು ಮಾತ್ರ ಎಂಬುದು ನನಗೆ ಗೊತ್ತು. ಆದರೂ ಧ್ವನಿಯಲ್ಲಿ ಎಂಥ ಖಚಿತತೆ! ನಾನು ತುಟಿ ಬಿಚ್ಚದೆ ಎದ್ದು ಬಂದೆ. ನನ್ನನ್ನು ಬಲ್ಲವರಿಗೆ ಅದು ಎಂಥ ತಪಸ್ಸೆಂದು ವಿವರಿಸಬೇಕಾಗಿಲ್ಲ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಉದ್ದವಾಗಿದೆ ಎಂದು ದೂರಬೇಡಿ.

ಆ ಲೆಕ್ಕ ಹೀಗೆ: ಒಂದು ಇ-ಪುಸ್ತಕದ ಬೆಲೆ ಇಷ್ಟು, ತಿಂಗಳ ಚಂದಾ ಅಷ್ಟು, ಭಾಗಿಸಿದರೆ ಎರಡರ ಆಸುಪಾಸು ಬರುತ್ತದೆ, ಮೂರನೆಯ ಪುಸ್ತಕದಿಂದಾಚೆ ಎಲ್ಲವೂ ಲಾಭ. ಕೇಳಲು ಚೆನ್ನಾಗಿಯೇ ಇದೆ. ಆದರೆ ಈ ಭಾಗಾಕಾರದೊಳಗೆ ಒಂದು ಸುಳ್ಳು ತಣ್ಣಗೆ ಕುಳಿತಿದೆ. ಚಂದಾದಲ್ಲಿ ಓದಿದ ಪ್ರತಿ ಪುಸ್ತಕವನ್ನೂ, ಚಂದಾ ಇಲ್ಲದಿದ್ದರೆ, ನೀವು ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತಿದ್ದಿರಿ ಎಂದು ಅದು ಹಿಡಿದುಕೊಂಡಿದೆ. ಕೊಳ್ಳುತ್ತಿದ್ದಿರಾ? ಎದೆ ಮುಟ್ಟಿಕೊಂಡು ಹೇಳಿ. ಬೆಳಿಗ್ಗೆ ಬೇಗ ಏಳುವವರು ಉದ್ಧಾರವಾಗುತ್ತಾರೆ ಎಂಬ ಒಂದೇ ಮಾತನ್ನು ನೂರೈವತ್ತು ಪುಟ ಎಳೆದ ಪುಸ್ತಕಕ್ಕೆ ಜೇಬಿನಿಂದ ಹಣ ತೆಗೆಯುತ್ತಿದ್ದಿರಾ? ಮನೆಗೆ ಬೇಡದ ಪಾತ್ರೆಯನ್ನು ಅರ್ಧ ಬೆಲೆಗೆ ತಂದು, ಇನ್ನರ್ಧ ಉಳಿಸಿದೆ ಎಂದು ಬೀಗುವವರ ಲೆಕ್ಕಕ್ಕೂ ಇದಕ್ಕೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ.

ಎಷ್ಟು ಪುಸ್ತಕ ಓದುತ್ತೀರಿ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಯಾವ ಪುಸ್ತಕ ಎಂಬುದು ಪ್ರಶ್ನೆ. ಕಳೆದ ವರ್ಷ ನೀವು ಕೊಂಡು ಓದಿದ, ಅಥವಾ ಓದಬೇಕೆಂದು ಗುರುತು ಹಾಕಿಕೊಂಡ ಹತ್ತು ಹೆಸರುಗಳನ್ನು ಕಾಗದದ ಮೇಲೆ ಬರೆಯಿರಿ. ನೆನಪಿರಲಿ, ಮೊದಲು ಬರೆಯಬೇಕು, ಆಮೇಲೆ ಹುಡುಕಬೇಕು. ಬಹಳಷ್ಟು ಕಡೆ ಚಂದಾ ಕಟ್ಟುವ ಮೊದಲೇ ಯಾವ ಪುಸ್ತಕ ಆ ಯೋಜನೆಯಲ್ಲಿದೆ, ಯಾವುದಿಲ್ಲ ಎಂದು ನೋಡಬಹುದು. ಪುಸ್ತಕದ ಪಕ್ಕದಲ್ಲೇ ಗುರುತು ಇರುತ್ತದೆ. ಹತ್ತರಲ್ಲಿ ಐದಾರು ಸಿಕ್ಕಿದರೆ ಸಂತೋಷವಾಗಿ ಸೇರಿ. ಒಂದೋ ಎರಡೋ ಸಿಕ್ಕಿದರೆ ಅವನ್ನು ಕೊಂಡುಕೊಂಡು ಸುಮ್ಮನಿರಿ. ಇದಕ್ಕೆ ಬೇಕಾಗುವುದು ಒಂದು ಹಾಳೆ, ಒಂದು ಪೆನ್ನು, ಸ್ವಲ್ಪ ಪ್ರಾಮಾಣಿಕತೆ. ಮೂರನೆಯದರ ಕೊರತೆಯಿಂದಲೇ ಜನ ಭಾಗಾಕಾರಕ್ಕೆ ಓಡುತ್ತಾರೆ.

ಬರೆದ ಹೆಸರುಗಳು ಹಲವು ಸಲ ಏಕೆ ಸಿಗುವುದಿಲ್ಲ ಎನ್ನುವುದಕ್ಕೆ ಕಾರಣವಿದೆ. ಅಮೆಜಾನ್ ತನ್ನ ಕಿಂಡಲ್ ಅನ್‌ಲಿಮಿಟೆಡ್ ಎಂಬ ಚಂದಾ ಸೇವೆಯನ್ನು 2014ರ ಜುಲೈನಲ್ಲಿ ಆರಂಭಿಸಿದಾಗ ಇಂಗ್ಲಿಷಿನ ಐದು ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಒಂದೂ ತನ್ನ ಪಟ್ಟಿಯನ್ನು ಅದಕ್ಕೆ ಒಪ್ಪಿಸಲಿಲ್ಲ. ಪೆಂಗ್ವಿನ್ ರ‍್ಯಾಂಡಮ್ ಹೌಸ್, ಹಾರ್ಪರ್‌ಕಾಲಿನ್ಸ್, ಸೈಮನ್ ಅಂಡ್ ಶುಸ್ಟರ್, ಹ್ಯಾಶೆಟ್, ಮ್ಯಾಕ್‌ಮಿಲನ್, ಎಲ್ಲವೂ ಹೊರಗೇ ನಿಂತವು. ಆ ಸೇವೆಯ ಒಡಲು ತುಂಬಿದ್ದು ಬಹುಮಟ್ಟಿಗೆ ಲೇಖಕರು ತಾವೇ ಪ್ರಕಟಿಸಿಕೊಂಡ ಪುಸ್ತಕಗಳಿಂದ. ಹಾಗೆ ಸೇರಿಸುವ ಲೇಖಕರಿಗೆ ಒಂದು ಕರಾರೂ ಇದೆ: ತೊಂಬತ್ತು ದಿನಗಳ ಅವಧಿಗೆ ಆ ಪುಸ್ತಕದ ಡಿಜಿಟಲ್ ರೂಪ ಬೇರೆಲ್ಲೂ ಸಿಗಕೂಡದು. ಲಕ್ಷಗಟ್ಟಲೆ ಪುಸ್ತಕ ಎಂಬ ಜಾಹೀರಾತು ನಿಜವೇ. ಆದರೆ ಪತ್ರಿಕೆಯ ವಿಮರ್ಶೆ ಓದಿ ನೀವು ಆಸೆಪಟ್ಟ ಪುಸ್ತಕ ಆ ಲಕ್ಷದಲ್ಲಿ ಸೇರಿದೆಯೇ? ಹಲವು ಸಲ ಅದು ಕನ್ನಡಿಯೊಳಗಿನ ಗಂಟು. ಮುಖಪುಟ ಕಾಣುತ್ತದೆ, ಕೆಳಗೆ ಬೇರೆ ಬೆಲೆ ನಮೂದಾಗಿರುತ್ತದೆ.

ಇನ್ನೊಂದು ಕಣ್ಕಟ್ಟು. ಪಟ್ಟಿಯಲ್ಲಿ ರಾಶಿ ರಾಶಿಯಾಗಿ ಕಾಣುವ ಹಳೆಯ ಶ್ರೇಷ್ಠ ಕೃತಿಗಳಲ್ಲಿ ಹೆಚ್ಚಿನವು ಹಕ್ಕುಸ್ವಾಮ್ಯದ ಅವಧಿ ಮುಗಿದವು. ಮೈಕೆಲ್ ಹಾರ್ಟ್ 1971ರಲ್ಲಿ ಶುರು ಮಾಡಿದ ಪ್ರಾಜೆಕ್ಟ್ ಗುಟನ್‌ಬರ್ಗ್‌ನಲ್ಲಿ ಈಗ 70,000ಕ್ಕೂ ಹೆಚ್ಚು ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ನೋಂದಣಿಯೂ ಬೇಡ, ಕಾರ್ಡಿನ ಸಂಖ್ಯೆಯೂ ಬೇಡ. ಅದೇ ಪುಸ್ತಕವನ್ನು ಚಂದಾದ ಮೂಲಕ ಓದಿ "ಒಂದು ವಸೂಲಾಯಿತು" ಎಂದು ಬೆರಳು ಮಡಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರ ಬಗ್ಗೆ ನನಗೆ ಬೇಸರವಿಲ್ಲ. ಪುಕ್ಕಟೆ ಇರುವುದಕ್ಕೆ ತಿಂಗಳು ತಿಂಗಳು ಹಣ ಕಟ್ಟಿ ಉಳಿತಾಯ ಎನ್ನುವವರನ್ನು ಏನೆನ್ನಲಿ?

ಈ ಎರಡು ಪುಸ್ತಕದ ಲೆಕ್ಕ ನನ್ನನ್ನು ಇಷ್ಟು ಕೆರಳಿಸಲು ನನ್ನ ಕಸುಬೂ ಕಾರಣವಿರಬಹುದು. ದಿನವಿಡೀ ಕರಡು ತಿದ್ದಿ ಹೊಟ್ಟೆ ಹೊರೆಯುವವರಿಗೆ ಪುಸ್ತಕವೆಂದರೆ ಎಣಿಕೆಯ ಬಿಲ್ಲೆಯಲ್ಲ. ಎಂಟುನೂರು ಪುಟದ ಇತಿಹಾಸದ ಪುಸ್ತಕವೂ ಒಂದು, ಎಂಬತ್ತು ಪುಟದ ಕಿರುಹೊತ್ತಗೆಯೂ ಒಂದು ಎಂದು ಎಣಿಸಿದ ಕ್ಷಣವೇ ಓದು ಕೆಡುತ್ತದೆ. ದಪ್ಪ ಪುಸ್ತಕ ಹಿಡಿದವರಿಗೆ ತಿಂಗಳ ಕೊನೆ ಹತ್ತಿರವಾದಂತೆ ಹೊಟ್ಟೆಯಲ್ಲಿ ತಳಮಳ. ಮುಗಿಯದಿದ್ದರೆ ಅದೇ ಪುಸ್ತಕಕ್ಕೆ ಇನ್ನೊಂದು ತಿಂಗಳ ಬಾಡಿಗೆ. ಆದ್ದರಿಂದ ತೆಳುವಾದದ್ದನ್ನು ಆರಿಸುತ್ತಾರೆ, ಪ್ಯಾರಾ ಹಾರಿಸುತ್ತಾರೆ, ಮುಗಿಸಿದ ಲೆಕ್ಕವನ್ನು ವರ್ಷದ ಕೊನೆಯಲ್ಲಿ ಇಲ್ಲಿ ಹಾಕುತ್ತಾರೆ, ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. (ನಾನು ತಟ್ಟುವುದಿಲ್ಲ. ಗಮನಿಸಿರುತ್ತೀರಿ.)

ಮತ್ತೆ ಓದುವ ಅಭ್ಯಾಸವಿರುವವರ ಕಷ್ಟ ಬೇರೆಯೇ. ನನಗಂತೂ ಹೊಸದನ್ನು ಓದುವುದಕ್ಕಿಂತ ಹಳೆಯದನ್ನು ತಿರುವಿ ಹಾಕುವುದೇ ಹೆಚ್ಚು. ಐದು ವರ್ಷದ ಹಿಂದೆ ಓದಿದ ಒಂದು ಅಧ್ಯಾಯ ರಾತ್ರಿ ಹನ್ನೊಂದಕ್ಕೆ ನೆನಪಾದರೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಅದು ಕೈಯಲ್ಲಿರಬೇಕು. ಚಂದಾ ನಿಲ್ಲಿಸಿದ ದಿನ ಆ ಪುಸ್ತಕವೂ ಹೋಯಿತು. ಚಂದಾ ಮುಂದುವರಿದರೂ ಪುಸ್ತಕ ಯೋಜನೆಯಿಂದ ಹೊರಬಿದ್ದಿರಬಹುದು, ಕೇಳುವವರಿಲ್ಲ.

ಈಗ ನಮ್ಮ ಲೆಕ್ಕ ಬಿಡಿ, ಅವರ ಲೆಕ್ಕ ನೋಡಿ. ನನಗೆ ನಿಜವಾಗಿ ನಗು ಬರುವುದು ಇಲ್ಲಿ. ಸ್ಕ್ರಿಬ್ಡ್ ಎಂಬ ಕಂಪನಿ 2013ರಲ್ಲಿ ಇ-ಪುಸ್ತಕಗಳ ಚಂದಾ ಸೇವೆ ಆರಂಭಿಸಿತು. ಓದುಗರು ಒಂದು ಪ್ರಮಾಣವನ್ನು ಮೀರಿ ಓದಿದರೆ ಪುಸ್ತಕ ಮಾರಾಟವಾದಂತೆಯೇ ಎಣಿಸಿ ಪ್ರಕಾಶಕರಿಗೆ ಹಣ ಕೊಡುವ ಏರ್ಪಾಡು. ಅರ್ಥವಾಯಿತಲ್ಲವೇ? ಚಂದಾದಾರರು ಓದದಿದ್ದಷ್ಟೂ ಕಂಪನಿಗೆ ಲಾಭ. ಆಗ ಬಂದರು ಪ್ರಣಯ ಕಾದಂಬರಿಗಳ ಓದುಗರು. "ಮಿತಿಯಿಲ್ಲ" ಎಂಬ ಮಾತನ್ನು ಅಕ್ಷರಶಃ ನಂಬಿ, ಒಂದರ ಹಿಂದೆ ಒಂದು ಮುಗಿಸುತ್ತಾ ಹೋದರು. ಕಂಪನಿಗೆ ತಡೆಯಲಾಗಲಿಲ್ಲ. 2015ರಲ್ಲಿ ತನ್ನ ಪಟ್ಟಿಯಿಂದ ಪ್ರಣಯ ಕಾದಂಬರಿಗಳ ದೊಡ್ಡ ಪಾಲನ್ನು ತೆಗೆದುಹಾಕಿತು, 2016ರಲ್ಲಿ ತಿಂಗಳಿಗೆ ಮೂರೇ ಪುಸ್ತಕ ಎಂಬ ಮಿತಿ ಹಾಕಿತು. ಅದೇ ಕಾಲದಲ್ಲಿ ಹುಟ್ಟಿದ ಆಯ್‌ಸ್ಟರ್ ಎಂಬ ಇನ್ನೊಂದು ಸೇವೆ ಎರಡು ವರ್ಷ ತುಂಬುವ ಹೊತ್ತಿಗೆ ಬಾಗಿಲು ಹಾಕುವುದಾಗಿ ಘೋಷಿಸಿತು. ಹೆಚ್ಚು ಓದುವವರಿಗೆ ಇದು ಲಾಭ ಎಂದು ಇಲ್ಲಿ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರೆ, ಅಲ್ಲಿ ಹೆಚ್ಚು ಓದುವವರನ್ನು ಹೊರಗಟ್ಟುವುದು ಹೇಗೆ ಎಂದು ಯೋಚಿಸುತ್ತಿದ್ದರು.

ಅಮೆಜಾನ್ ಚಾಣಾಕ್ಷ. ತಾವೇ ಪ್ರಕಟಿಸುವ ಲೇಖಕರ ವಿಷಯದಲ್ಲಿ ಪ್ರತಿ ಪುಸ್ತಕಕ್ಕೆ ಇಂತಿಷ್ಟು ಎಂಬ ಗೊಡವೆಯನ್ನೇ ಅದು ಇಟ್ಟುಕೊಳ್ಳಲಿಲ್ಲ. ಅವರಿಗಾಗಿ ಒಂದು ನಿಧಿ ಇರುತ್ತದೆ, ಆ ತಿಂಗಳು ಓದಿದ್ದರ ಆಧಾರದ ಮೇಲೆ ಅದನ್ನು ಹಂಚುತ್ತದೆ. ಮೊದಲು ಪುಸ್ತಕದ ಶೇಕಡಾ ಹತ್ತರಷ್ಟು ಓದಿದರೆ ಲೇಖಕರಿಗೆ ಒಂದು ಪಾಲು ಸಿಗುತ್ತಿತ್ತು. ಆಗ ಏನಾಯಿತು? ಕಿರುಹೊತ್ತಗೆಗಳ ಸುರಿಮಳೆ. ನಾಲ್ಕು ಪುಟ ತಿರುವಿದರೆ ಹತ್ತು ಪ್ರತಿಶತ ಮುಗಿಯುತ್ತಿತ್ತಲ್ಲ! 2015ರ ಜುಲೈನಿಂದ ಓದಿದ ಪುಟಕ್ಕೆ ಇಷ್ಟು ಎಂದು ನಿಯಮ ಬದಲಾಯಿಸಿದರು. ಪುಟಕ್ಕೆ ಬರುವುದು ಒಂದು ಅಮೆರಿಕನ್ ಸೆಂಟಿಗಿಂತ ಕಡಿಮೆ. ಆಗ ಪುಸ್ತಕಗಳು ಇದ್ದಕ್ಕಿದ್ದಂತೆ ಊದಿಕೊಂಡವು. ಕೆಲವು ಧೂರ್ತರು ಮೊದಲ ಪುಟದಲ್ಲೇ ಕೊಂಡಿ ಇಟ್ಟು ಓದುಗರನ್ನು ನೇರ ಕೊನೆಯ ಪುಟಕ್ಕೆ ಜಿಗಿಸಿದರು, ನಡುವಿನ ಪುಟಗಳೆಲ್ಲ ಓದಿದಂತೆ ಲೆಕ್ಕವಾಗಲಿ ಎಂದು. ಹಳೆಯ ಕಥೆಗಳನ್ನೇ ಹೊಸ ಪುಸ್ತಕದ ಬಾಲಕ್ಕೆ ಕಟ್ಟುವ ಚಾಳಿ ಎಷ್ಟು ಹೆಚ್ಚಾಯಿತೆಂದರೆ, ಇಂಥ ಹೆಚ್ಚುವರಿ ಸರಕು ಶೇಕಡಾ ಹತ್ತನ್ನು ಮೀರಕೂಡದು ಎಂದು 2018ರಲ್ಲಿ ನಿಯಮವೇ ಬಂತು. ಅಲ್ಲೂ ಎಣಿಕೆ, ಇಲ್ಲೂ ಎಣಿಕೆ. ಕಾಗುಣಿತದ ತಪ್ಪುಗಳ ಬಗ್ಗೆ ನಾನು ಬಾಯಿ ಬಿಡುವುದಿಲ್ಲ. ಬಿಟ್ಟರೆ ಈ ಬರಹ ನಾಳೆಗೂ ಮುಗಿಯುವುದಿಲ್ಲ.

"ಹೊಸ ಲೇಖಕರ ಪರಿಚಯವಾಗುತ್ತದಲ್ಲ, ಇಷ್ಟವಾಗದಿದ್ದರೆ ಬಿಟ್ಟುಬಿಡಬಹುದಲ್ಲ" ಎನ್ನುತ್ತೀರಿ. ಸರಿ. ಮಾರಾಟಕ್ಕಿರುವ ಹೆಚ್ಚಿನ ಇ-ಪುಸ್ತಕಗಳ ಮೊದಲ ಕೆಲವು ಪುಟಗಳನ್ನು ಉಚಿತವಾಗಿ ಮಾದರಿಯೆಂದು ಕೊಡುತ್ತಾರೆ. ಕೆಟ್ಟ ಪುಸ್ತಕವನ್ನು ಗುರುತಿಸಲು ಅದಕ್ಕಿಂತ ಹೆಚ್ಚು ಬೇಕೆನ್ನುವವರೊಡನೆ ನನಗೆ ವಾದವಿಲ್ಲ, ಅನುಕಂಪವಿದೆ. ಇನ್ನು, ಲಿಬ್ಬಿಯಂಥ ಆ್ಯಪ್ ಬಳಸುವ ಗ್ರಂಥಾಲಯದ ಸದಸ್ಯತ್ವ ನಿಮಗಿದ್ದರೆ, ಹೊಸ ಪುಸ್ತಕಗಳನ್ನೂ ಹಣ ಕೊಡದೆ ಎರವಲು ಪಡೆಯಬಹುದು. ಸರದಿ ಕಾಯಬೇಕು, ಅಷ್ಟೇ. ಕಾಯುವುದನ್ನು ಮರೆತವರಿಗೆ ಅದು ದೊಡ್ಡ ಶಿಕ್ಷೆ ಎಂದು ಬಲ್ಲೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ, ಅದನ್ನು ಎತ್ತಿದ್ದು ನನ್ನ ತಮ್ಮ. "ಅಕ್ಕಾ, ನೀನು ಕೊಂಡ ಇ-ಪುಸ್ತಕ ಮಾತ್ರ ನಿನ್ನದೇ?" ಎಂದ. ಅವನ ಮಾತು ಸುಳ್ಳಲ್ಲ. ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು 2019ರಲ್ಲಿ ಮುಚ್ಚಿದಾಗ, ಜನ ಹಣ ಕೊಟ್ಟು ಕೊಂಡಿದ್ದ ಪುಸ್ತಕಗಳೂ ತೆರೆಯದಂತಾದವು. ಹಣ ಹಿಂದಿರುಗಿಸಿದರು, ನಿಜ. ಪುಸ್ತಕ ಹಿಂದಿರುಗಲಿಲ್ಲ. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ತಂತಿಯಲ್ಲಿ ಕಿಂಡಲ್ ಎಂಬ ಓದುವ ಸಾಧನಕ್ಕೆ ಹಾಕಿಕೊಳ್ಳುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರುವರಿಯಲ್ಲಿ ತೆಗೆದುಹಾಕಿತು. ಒಪ್ಪಿದೆ. ಆದರೆ ಕೊಂಡದ್ದು ಮುಂದೊಂದು ದಿನ ಹೋಗಬಹುದು ಎಂಬುದಕ್ಕೂ, ಎರವಲು ತಂದದ್ದು ಹಣ ನಿಲ್ಲಿಸಿದೊಡನೆ ಹೋಗಿಯೇ ತೀರುತ್ತದೆ ಎಂಬುದಕ್ಕೂ ಅಂತರವಿಲ್ಲವೇ? ಅದೂ ಅಲ್ಲದೆ, ತಮ್ಮನ ಮಾತು ಗಟ್ಟಿಯಾದಷ್ಟೂ ನನ್ನ ಅಟ್ಟದ ಮೇಲಿನ ಕಾಗದದ ಪುಸ್ತಕಗಳ ಪಕ್ಷವೇ ಗೆಲ್ಲುತ್ತದೆ. ಅದು ಅವನಿಗೆ ತಡವಾಗಿ ಹೊಳೆಯಿತು.

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ಗುಟ್ಟು. ರಾತ್ರಿ ಕಣ್ಣು ಉರಿಯುವಾಗ ನಾನು ಓದುವುದು ಪತ್ತೇದಾರಿ ಸರಣಿಗಳನ್ನು. ಮೊದಲ ಅಧ್ಯಾಯದಲ್ಲಿ ಹೆಣ, ಕೊನೆಯ ಅಧ್ಯಾಯದಲ್ಲಿ ಕೊಲೆಗಾರ, ನಡುವೆ ಮಳೆ. ಹದಿನಾಲ್ಕು ಭಾಗಗಳಿದ್ದರೆ ಹದಿನಾಲ್ಕೂ ಬೇಕು. ಅವನ್ನು ಮತ್ತೆ ಓದುವುದಿಲ್ಲ, ಇಟ್ಟುಕೊಳ್ಳುವ ಆಸೆಯೂ ಇಲ್ಲ. ಇಂಥ ಓದಿಗೆ ಚಂದಾ ಸೇವೆಗಿಂತ ಒಳ್ಳೆಯದನ್ನು ಯಾರೂ ಕಂಡುಹಿಡಿದಿಲ್ಲ. ಪ್ರಣಯ, ಪತ್ತೇದಾರಿ, ಮಾಯಾಲೋಕದ ಸಾಹಸ, ಇಂಥ ಸರಣಿಗಳನ್ನು ನುಂಗುವವರು ನಿಶ್ಚಿಂತೆಯಿಂದ ಸೇರಬಹುದು. ಏಕೆಂದರೆ ಆ ಲೇಖಕರಲ್ಲಿ ಅನೇಕರು ಆ ತೊಂಬತ್ತು ದಿನಗಳ ಕರಾರಿನಿಂದಾಗಿ ಅಲ್ಲಿಯೇ ಇದ್ದಾರೆ, ನಿಮ್ಮ ಹತ್ತು ಹೆಸರುಗಳ ಪಟ್ಟಿ ಅಲ್ಲಿ ತುಂಬುತ್ತದೆ. ನನ್ನ ತಕರಾರು ಅವರ ಮೇಲಲ್ಲ. ಏನು ಓದುತ್ತೇವೆಂದು ಗೊತ್ತಿಲ್ಲದೆ ಎಷ್ಟು ಓದುತ್ತೇವೆಂದು ಲೆಕ್ಕ ಹೇಳುವವರ ಮೇಲೆ.

ನಾನು ಮಾಡುವುದು ಇಷ್ಟು. ಸರಣಿಯೊಂದರ ನಾಲ್ಕಾರು ಭಾಗ ಒಟ್ಟಿಗೆ ಸಿಗುತ್ತವೆಂದು ಖಚಿತವಾದಾಗ ಒಂದು ತಿಂಗಳಿಗೆ ಸೇರುತ್ತೇನೆ, ಸೇರಿದ ದಿನವೇ ರದ್ದು ಮಾಡುತ್ತೇನೆ. ಕಟ್ಟಿದ ಅವಧಿ ಮುಗಿಯುವವರೆಗೆ ಪುಸ್ತಕಗಳು ಇದ್ದೇ ಇರುತ್ತವೆ (ಎಲ್ಲ ಕಡೆ ಹೀಗಿರಬೇಕೆಂದಿಲ್ಲ, ಉಚಿತ ಅವಧಿಯಲ್ಲಂತೂ ನಿಯಮ ಓದಿಯೇ ಒತ್ತಿ). ಆಮೇಲೆ ಮಾಡೋಣ ಎಂದರೆ ಕೆಟ್ಟಿತು. ರದ್ದು ಮಾಡುವ ಗುಂಡಿಯನ್ನು ಬಚ್ಚಿಡುವುದೇ ಒಂದು ವಿದ್ಯೆ. ಅಮೆಜಾನ್ ಪ್ರೈಮ್ ಸದಸ್ಯತ್ವ ರದ್ದುಪಡಿಸುವ ದಾರಿಗೆ ಕಂಪನಿಯೊಳಗೆ 'ಇಲಿಯಡ್' ಎಂಬ ಹೆಸರಿತ್ತು ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರ ತನ್ನ ದಾವೆಯಲ್ಲಿ ಹೇಳಿದೆ. ಹತ್ತು ವರ್ಷದ ಯುದ್ಧದ ಮಹಾಕಾವ್ಯದ ಹೆಸರು! ಇಟ್ಟವರು ಯಾರೋ, ಸಾಹಿತ್ಯ ಓದಿಕೊಂಡವರು.

ಆ ಹುಡುಗಿಗೆ ಹತ್ತು ಹೆಸರು ಬರೆದುಕೊಂಡು ಬಾ ಎಂದು ಸಂದೇಶ ಕಳಿಸಿದ್ದೇನೆ. ಉಳಿದವರು ವಾದಕ್ಕೆ ಬರುವುದಾದರೆ ಬನ್ನಿ, ಆದರೆ ನಿಮ್ಮ ಪಟ್ಟಿ ಕೈಯಲ್ಲಿರಲಿ. "ಎರಡು ಪುಸ್ತಕ ಓದಿದರೆ" ಎಂದು ಶುರು ಮಾಡಿದವರಿಗೆ ನಾನು ಉತ್ತರಿಸುವುದಿಲ್ಲ. ಮತ್ತೆ, ನನ್ನ ಖಾತೆಯ ಪಾಸ್‌ವರ್ಡ್ ಕೇಳುವ ಸಂಬಂಧಿಕರೇ, ಇಲ್ಲ, ಕೊಡುವುದಿಲ್ಲ, ಅತ್ತೆಯವರ ಮೂಲಕ ಹೇಳಿಸಿದರೂ ಕೊಡುವುದಿಲ್ಲ.