ಆ ಆಳವನ್ನು ಮುಚ್ಚಬೇಡಿ

ನಿನ್ನೆ ಸಂಜೆಯಿಂದ ಸಿಟ್ಟು ಇಳಿದಿಲ್ಲ. ಬಾಗಲಕೋಟೆ ಸುತ್ತಮುತ್ತಲಿನ ಒಂದು ಕಾಲೇಜಿನ ಈಜುಕೊಳ ನೋಡಿಕೊಂಡು ಬಂದೆ. ಹೆಸರು ಬೇಡ. ಒಂದು ತುದಿಯಲ್ಲಿ ಮೂರೂವರೆ ಅಡಿ, ಇನ್ನೊಂದು ತುದಿಯಲ್ಲಿ ಏಳು ಅಡಿ ಆಳದ ಒಳ್ಳೆಯ ಕೊಳ. ಈಗ ಆ ಏಳು ಅಡಿಗೆ ಕಾಂಕ್ರೀಟ್ ತುಂಬಿ, ಪೂರ್ತಿ ಕೊಳವನ್ನು ಮೂರೂವರೆ ಅಡಿ ಮಾಡುತ್ತಾರಂತೆ. ಗೋಡೆಗೆ ಗುರುತೂ ಹಾಕಿದ್ದಾರೆ. ಯಾಕೆ ಅಂತ ಕೇಳಿದೆ. 'ಸೇಫ್ಟಿ ಸರ್' ಅಂದರು.

ಯಾರ ಸೇಫ್ಟಿ?

ನಮ್ಮದು ಯಾವ ಜಿಲ್ಲೆ ಅನ್ನೋದಾದರೂ ನೆನಪಿರಬೇಕಲ್ವಾ? ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹರಿಯುವ ಜಿಲ್ಲೆ. ಘಟಪ್ರಭಾ ಕೃಷ್ಣೆಯನ್ನು ಸೇರೋದು ಚಿಕ್ಕಸಂಗಮದಲ್ಲಿ, ಮಲಪ್ರಭಾ ಸೇರೋದು ಕೂಡಲಸಂಗಮದಲ್ಲಿ. ಆಲಮಟ್ಟಿ ತುಂಬಿದರೆ ಹಿನ್ನೀರು ಊರ ಬಾಗಿಲಿಗೇ ಬರುತ್ತದೆ. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಆ ನೀರಿಗೇ ಹೋದವು, ಜನ ನವನಗರಕ್ಕೆ ಬಂದರು. ಇಂಥ ಊರಿನ ಮಕ್ಕಳಿಗೆ ಮೂರೂವರೆ ಅಡಿ ನೀರು ಏನು ಕಲಿಸುತ್ತದೆ? ಸ್ಟ್ಯಾಂಡ್ ಹಾಕಿದ ಸೈಕಲ್ ಮೇಲೆ ಕೂರಿಸಿ ಸೈಕಲ್ ಕಲಿಸಿದ ಹಾಗೆ ಅದು. ಸುಸ್ತಾದ ಕೂಡಲೇ ಹುಡುಗ ಕಾಲೂರಿ ನಿಲ್ಲುತ್ತಾನೆ. ಹಿನ್ನೀರಿನಲ್ಲಿ ಎಲ್ಲಿ ಕಾಲೂರುತ್ತಾನೆ?

ನಮ್ಮ ಕಾಲದಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಮೇಲೆ ಹಗ್ಗ ಹಿಡಿದು ಕಾಕಾನೋ ಮಾಮಾನೋ ನಿಂತಿರುತ್ತಿದ್ದ. ಬಾವಿಯಲ್ಲಿ ನಿಲ್ಲೋಕೆ ತಳವೇ ಸಿಗುತ್ತಿರಲಿಲ್ಲ, ಅದಕ್ಕೇ ಈಸೋದು ಬಂತು. ಆ ಬಾವಿಗಳಲ್ಲಿ ಈಗ ಎಷ್ಟೋ ಒಣಗಿವೆ, ಎಷ್ಟೋ ಮುಚ್ಚಿ ಹೋಗಿವೆ. ಉಳಿದದ್ದು ಕಾಲೇಜಿನ ಕೊಳ. ಅದನ್ನೂ ಮುಚ್ಚಬೇಕಾ?

ಲಾಸ್ ಏಂಜಲೀಸ್‌ನಲ್ಲಿರುವ ನನ್ನ ಹಳೇ ಶಿಷ್ಯ ಮೊನ್ನೆ ಹುಡುಗಿಯರ ವಾಟರ್ ಪೋಲೊ ಪಂದ್ಯದ, ಅಂದರೆ ನೀರಿನಲ್ಲಿ ಈಜುತ್ತ ಚೆಂಡು ಎಸೆದು ಗೋಲ್ ಹೊಡೆಯುವ ಆಟದ, ವಿಡಿಯೊ ಕಳಿಸಿದ್ದ. ಅಲ್ಲಿನ ಯುಸಿಎಲ್‌ಎ ವಿಶ್ವವಿದ್ಯಾಲಯದ ಸ್ಪೀಕರ್ ಅಕ್ವಾಟಿಕ್ಸ್ ಸೆಂಟರ್‌ನದು. 2009ರಲ್ಲಿ ಶುರುವಾದ ಕೊಳ. ಹುಡುಗರ ವಾಟರ್ ಪೋಲೊ ತಂಡ, ಹುಡುಗಿಯರ ವಾಟರ್ ಪೋಲೊ ತಂಡ, ಹುಡುಗಿಯರ ಈಜು ತಂಡ, ಎಲ್ಲದಕ್ಕೂ ಅದೇ ಮನೆ. 2024ರಲ್ಲಿ ಅವರ ಎರಡೂ ವಾಟರ್ ಪೋಲೊ ತಂಡಗಳು ಅಮೆರಿಕದ ಕಾಲೇಜು ಚಾಂಪಿಯನ್ ಆದವು. ನಾನು ಆ ವಿಡಿಯೊ ನೋಡುತ್ತ ರಾತ್ರಿ ಬಹಳ ಹೊತ್ತು ಕೂತಿದ್ದೆ. ನನ್ನ ಕಣ್ಣು ಚೆಂಡಿನ ಮೇಲಿರಲಿಲ್ಲ, ನೀರಿನೊಳಗೆ ಆ ಹುಡುಗಿಯರ ಕಾಲು ಮಾಡುವ ಕೆಲಸದ ಮೇಲಿತ್ತು.

ಈ ಆಟದಲ್ಲಿ ಒಂದು ಕಡೆ ಏಳು ಜನ ನೀರಿನಲ್ಲಿರುತ್ತಾರೆ. ಎಂಟೆಂಟು ನಿಮಿಷದ ನಾಲ್ಕು ಸುತ್ತು. ಗೋಲ್‌ಕೀಪರ್ ಬಿಟ್ಟರೆ ಉಳಿದವರು ಚೆಂಡನ್ನು ಒಂದೇ ಕೈಯಲ್ಲಿ ಆಡಬೇಕು. ತಳಕ್ಕೆ ಕಾಲೂರಿ ಆಡುವ ಹಾಗಿಲ್ಲ. ಹಾಗಾದರೆ ಎದೆಮಟ್ಟ ಮೇಲೆದ್ದು ಚೆಂಡು ಎಸೆಯೋದು ಹೇಗೆ? ಒಂದು ಕಾಲು ಒಂದು ಕಡೆ, ಇನ್ನೊಂದು ಕಾಲು ಅದರ ಎದುರು ಕಡೆ ಸುತ್ತುತ್ತಲೇ ಇರುತ್ತವೆ. ಎಗ್‌ಬೀಟರ್ ಅನ್ನುತ್ತಾರೆ. ಕೈ ಎರಡೂ ಬಿಡುವಾಗಿರುತ್ತವೆ, ತಲೆ ನೀರಿನ ಮೇಲೆ ಇರುತ್ತದೆ. ಇದೊಂದು ವಿದ್ಯೆ ಬಂದರೆ ಹಿನ್ನೀರಿನಲ್ಲಿ ತೆಪ್ಪ ಮಗುಚಿದರೂ ದೋಣಿ ಬರುವ ತನಕ ತಲೆ ಮೇಲಿಟ್ಟುಕೊಂಡು ಇರಬಹುದು. ಈ ಆಟಕ್ಕೆ ಕನಿಷ್ಠ 1.8 ಮೀಟರ್ ಆಳ ಬೇಕು, ಅಂದರೆ ಸುಮಾರು ಆರು ಅಡಿ. ಕಟ್ಟೆ ಮೇಲಿಂದ ಡೈವ್ ಹೊಡೆದು ರೇಸ್ ಶುರು ಮಾಡೋಕೂ 1.35 ಮೀಟರ್, ಅಂದರೆ ಸುಮಾರು ನಾಲ್ಕೂವರೆ ಅಡಿ, ಬೇಕು ಅನ್ನುತ್ತದೆ ನಿಯಮ. ಮೂರೂವರೆ ಅಡಿಯಲ್ಲಿ ಡೈವ್ ಹೊಡೆದರೆ ಕುತ್ತಿಗೆ ಮುರಿಯುತ್ತದೆ. ಸೇಫ್ಟಿ ಅಂದವರು ಇದನ್ನು ಯೋಚಿಸಿದ್ದಾರಾ?

ನೀರಿಲ್ಲ ಅನ್ನುತ್ತಾರೆ. ಬರಗಾಲದ ಸೀಮೆ, ಕೊಳಕ್ಕೆ ನೀರು ಸುರಿಯೋದು ತಪ್ಪಲ್ವಾ ಅಂತ. ಲೆಕ್ಕ ಹಾಕಿ. ಐವತ್ತು ಮೀಟರ್ ಉದ್ದ, ಇಪ್ಪತ್ತೈದು ಅಗಲ, ಎರಡು ಮೀಟರ್ ಆಳದ ದೊಡ್ಡ ಕೊಳಕ್ಕೂ 25 ಲಕ್ಷ ಲೀಟರ್ ಸಾಕು. ಒಂದು ಟಿಎಂಸಿ ನೀರಿನಲ್ಲಿ ಅಂಥ ಹನ್ನೊಂದು ಸಾವಿರಕ್ಕೂ ಜಾಸ್ತಿ ಕೊಳ ತುಂಬುತ್ತವೆ. ಫಿಲ್ಟರ್ ಸರಿಯಾಗಿದ್ದರೆ ಅದೇ ನೀರು ಸುತ್ತುತ್ತಿರುತ್ತದೆ, ಆವಿಯಾಗಿ ಹೋದಷ್ಟು, ಫಿಲ್ಟರ್ ತೊಳೆದಷ್ಟು ಹಾಕಿದರಾಯಿತು. ನೀರಿನ ಮಾತು ಸುಮ್ನೆ ನೆಪ.

ಚಿಕ್ಕ ಮಕ್ಕಳು ಹೆದರುತ್ತಾರೆ ಅಂತ ಇನ್ನೊಂದು ಮಾತು. ಅವರಿಗೆ ಈಗಲೇ ಮೂರೂವರೆ ಅಡಿಯ ತುದಿ ಇದೆಯಲ್ಲ! ನಡುವೆ ಹಗ್ಗ ಕಟ್ಟಿ, ಕೋಚ್ ಇಡಿ, ಜೀವರಕ್ಷಕರಿಗೆ ಸಂಬಳ ಕೊಡಿ. ಸಂಬಳ ತಪ್ಪಿಸೋಕೆ ಕಾಂಕ್ರೀಟ್ ಹಾಕುತ್ತಿದ್ದಾರೆ ಅನ್ನೋದು ನನ್ನ ಅನುಮಾನ.

ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. ನನ್ನ ಕಬಡ್ಡಿ ತಂಡದಲ್ಲಿ ಒಬ್ಬ ಹುಡುಗ ಇದ್ದ. ರೇಡ್‌ಗೆ ಹೋದರೆ ಬರಿಗೈಲಿ ಬರುತ್ತಿರಲಿಲ್ಲ. ಗಣಪತಿ ಬಿಡೋಕೆ ಹೋದವನು ನೀರಿನಿಂದ ಮೇಲೆ ಬರಲಿಲ್ಲ. ಅವನ ತೋಳಿನಲ್ಲಿ ಶಕ್ತಿಗೇನೂ ಕಡಿಮೆ ಇರಲಿಲ್ಲ. ಈಸೋದು ಕಲಿಸಿದವರಿರಲಿಲ್ಲ. ಅವನ ಅವ್ವ ಈಗಲೂ ಸಂತೆಯಲ್ಲಿ ಸಿಕ್ಕರೆ 'ಸರ್, ಆರಾಮ ಇದ್ದೀರಾ' ಅಂತಾಳೆ. ನನಗೆ ಉತ್ತರ ಹೊರಡೋದಿಲ್ಲ.

ಆಟದ ದೃಷ್ಟಿಯಿಂದ ನೋಡಿದರೂ ಸಂಕಟವಾಗುತ್ತದೆ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ವಾಟರ್ ಪೋಲೊ ಚಿನ್ನ ಗೆದ್ದಿತ್ತು. ಅದೇ ಕೂಟದಲ್ಲಿ ಸಚಿನ್ ನಾಗ್ ನೂರು ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದರು. ಈಗ ಕರ್ನಾಟಕದಿಂದ ಒಲಿಂಪಿಕ್ಸ್‌ಗೆ ಶ್ರೀಹರಿ ನಟರಾಜ್ ಹೋದರು, ಹದಿನಾಲ್ಕರ ಧಿನಿಧಿ ಪ್ಯಾರಿಸ್‌ಗೆ ಹೋದಳು. ಬಹಳ ಖುಷಿ. ಆದರೆ ಇಬ್ಬರೂ ಬೆಂಗಳೂರಿನವರು. ನಮ್ಮ ಕಡೆ ಬೆಳಗಾವಿಯಲ್ಲಿ ಕೆಎಲ್‌ಇಯವರ ದೊಡ್ಡ ಕೊಳ ಇದೆ, ಅದನ್ನು ನೋಡಿದಾಗಲೆಲ್ಲ ಹೊಟ್ಟೆ ತಂಪಾಗುತ್ತದೆ. ನಮ್ಮ ಜಿಲ್ಲೆಗೂ ಜಮಖಂಡಿಯಲ್ಲಿ ವಿಶ್ವವಿದ್ಯಾಲಯ ಬಂದಿದೆ. ಅದಕ್ಕೂ ಒಂದು ಈಜು ತಂಡ, ಒಂದು ವಾಟರ್ ಪೋಲೊ ತಂಡ ಇರಲಿ ಅನ್ನೋದು ನನ್ನ ಆಸೆ. ಹುಡುಗಿಯರದ್ದೂ ಇರಲಿ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ವಾಟರ್ ಪೋಲೊ ಬಂದದ್ದೇ 2000ರಲ್ಲಿ, ನಮ್ಮ ಹುಡುಗಿಯರೇನೂ ಬಹಳ ಹಿಂದೆ ಬಿದ್ದಿಲ್ಲ. ಬೆಳಿಗ್ಗೆ ಒಂದು ತಾಸು ಅವರಿಗೆ ಅಂತಲೇ ಇಡಿ, ಹೆಣ್ಣುಮಗಳೊಬ್ಬಳನ್ನು ಕೋಚ್ ಮಾಡಿ. ಯಾವ ಮನೆಯವರು ಬೇಡ ಅಂತಾರೆ ನೋಡೋಣ.

ಕಾಂಕ್ರೀಟ್ ಇನ್ನೂ ಬಿದ್ದಿಲ್ಲ. ರಜೆಯಲ್ಲಿ ಕೆಲಸ ಶುರು ಅಂದಿದ್ದಾರೆ. ಈ ಪೋಸ್ಟ್ ಓದುವ ನನ್ನ ಹಳೇ ವಿದ್ಯಾರ್ಥಿಗಳಲ್ಲಿ ಆ ಸಂಸ್ಥೆಯವರ ಪರಿಚಯ ಇದ್ದವರು ಇದ್ದೀರಿ, ನನಗೆ ಗೊತ್ತು. ಇವತ್ತೇ ಮಾತಾಡಿ. ಕೋಚ್ ಸಿಗುವ ತನಕ ದಿನಾ ಬೆಳಿಗ್ಗೆ ಐದೂವರೆಗೆ ಬಂದು ಕಟ್ಟೆ ಮೇಲೆ ಹಗ್ಗ ಹಿಡಿದು ನಿಲ್ಲೋಕೆ ನಾನು ತಯಾರಿದ್ದೇನೆ, ಒಂದು ರೂಪಾಯಿ ಬೇಡ ಅಂತಲೂ ಹೇಳಿ.